ಗಾಯವೂ ಗುರುತೂ: ಅಪೀಲಿನಲ್ಲಿ ಗಾಯಾಳು ಸಾಕ್ಷಿಯ ವಿಶ್ವಾಸಾರ್ಹತೆ

2012ರ ಡಿಸೆಂಬರ್ 16ರ ರಾತ್ರಿ, ದೆಹಲಿಯ ವಸಂತ್ ಕುಂಜಕ್ಕೆ ಮಗ್ಗುಲಾದ ಮಹಿಪಾಲ್‌ಪುರದ ಹೆದ್ದಾರಿಯ ಅಂಚಿನಲ್ಲಿ, ಬಸ್ಸೊಂದರಿಂದ ಹೊರಗೆಸೆಯಲ್ಪಟ್ಟು ಬಿದ್ದಿದ್ದ ಇಬ್ಬರಲ್ಲಿ ಯುವತಿಯು, ತನ್ನ ಹೇಳಿಕೆಗಳನ್ನು ಬರೆಯಿಸಿಟ್ಟು, ಅದೇ ತಿಂಗಳ 29ರಂದು ತೀರಿಕೊಂಡಳು. ಅವಳೊಡನಿದ್ದ ತರುಣನು, ತಾನೂ ಪೆಟ್ಟು ತಿಂದವನು, ಅಭಿಯೋಜನೆಯ ಒಂದನೆಯ ಸಾಕ್ಷಿಯಾಗಿ ಕಟಕಟೆಯನ್ನೇರಿದನು. ಅವನ ಮಾತನ್ನು ವಿಚಾರಣಾ ನ್ಯಾಯಾಲಯವೂ, 2014ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ, 2017ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವೂ ನಂಬಿದುವು. ಆ ನಂಬಿಕೆಗೆ ಗಾಯವೊಂದೇ ಸಾಕಾಯಿತೆಂದು ಭಾವಿಸುವವರು ತೀರ್ಪನ್ನು ಇನ್ನೊಮ್ಮೆ ಓದಬೇಕು.

ನಮ್ಮ ಸಾಕ್ಷ್ಯಶಾಸ್ತ್ರವು ಸಾಕ್ಷಿಗಳ ತಲೆಯೆಣಿಕೆಯನ್ನು ಮೊದಲಿನಿಂದಲೂ ಒಲ್ಲದು. 1872ರ ಅಧಿನಿಯಮದ 134ನೆಯ ಕಲಮಿನ ಈ ನಿಲುವು ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 139ನೆಯ ಕಲಮಿನಲ್ಲಿಯೂ ಉಳಿದಿದೆ. 1957ರ ವಡಿವೇಲು ತೇವರ್ ತೀರ್ಪು ಸಾಕ್ಷಿಗಳನ್ನು ಪೂರ್ಣ ವಿಶ್ವಾಸಾರ್ಹರು, ಪೂರ್ಣ ಅವಿಶ್ವಾಸಾರ್ಹರು, ಎರಡೂ ಅಲ್ಲದವರು ಎಂದು ವಿಂಗಡಿಸಿ, ಕೊನೆಯವರ ಮಾತಿಗೆ ಅನ್ಯ ಆಧಾರವನ್ನು ಬಯಸಿತು. ಗಾಯಾಳುವಿಗೆ 2010ರ ಅಬ್ದುಲ್ ಸಯೀದ್ ಪ್ರಕರಣವೇ ಮೊದಲಾದ ತೀರ್ಪುಗಳು ವಿಶೇಷ ಸ್ಥಾನವನ್ನಿತ್ತುದಕ್ಕೆ ಕಾರಣಗಳೆರಡು: ಅವನು ಸ್ಥಳದಲ್ಲಿದ್ದನೆಂಬುದಕ್ಕೆ ಅವನ ಮೈಮೇಲಿನ ಗಾಯವೇ ಪ್ರಮಾಣ, ಮತ್ತು ಹೊಡೆದವನನ್ನು ಬಿಟ್ಟು ನಿರಪರಾಧಿಯನ್ನು ಸಿಕ್ಕಿಸಲು ಅವನ ಮನಸ್ಸೊಪ್ಪದು.

ಮೊದಲನೆಯ ಕಾರಣವು ಅಚಲವಾದುದು. ಎರಡನೆಯದನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಹೊಲದ ಬದುವಿನ ಹಳೆಯ ಜಗಳದಲ್ಲಿ ಪೆಟ್ಟು ತಿಂದವನು, ಹೊಡೆದವನ ಜೊತೆಗೆ ಹೊಡೆಯದ ಅವನ ಅಣ್ಣತಮ್ಮಂದಿರನ್ನೂ ಫಿರ್ಯಾದಿಗೆ ಸೇರಿಸಿದರೆ, ಆ ತರ್ಕಕ್ಕೆ ಭಂಗ ಬಾರದೆಯೇ ನಿರಪರಾಧಿಯು ಸೆರೆಮನೆಗೆ ಹೋದಾನು. ಆಕ್ರಮಣಕಾರನು ಅಪರಿಚಿತನಾದರಂತೂ, ಸತ್ಯವನ್ನೇ ನುಡಿಯಬೇಕೆಂಬ ಹಂಬಲವು ಅರೆಗತ್ತಲೆಯಲ್ಲಿ ಕಂಡ ಮುಖವನ್ನು ಬೆಳಗಿಸಲಾರದು. ಗಾಯವು ಹಾಜರಿಯನ್ನು ಹೇಳೀತು. ಗುರುತನ್ನು ಬೇರೆಯಾಗಿಯೇ ಸಾಧಿಸಬೇಕು.

ದೆಹಲಿಯ ಪ್ರಕರಣದ ಮಹತ್ತ್ವವಿರುವುದು ಇಲ್ಲಿಯೇ. ಬಸ್ಸಿನಲ್ಲಿದ್ದವರು ಆ ತರುಣನಿಗೆ ಅಪರಿಚಿತರು. ಅವನ ಮೊದಲ ಹೇಳಿಕೆಯಲ್ಲಿ ಕಬ್ಬಿಣದ ಸರಳಿನ ಪ್ರಸ್ತಾಪವಾಗಲಿ ಹೆಸರುಗಳಾಗಲಿ ಇಲ್ಲವೆಂಬುದು ಆರೋಪಿಗಳ ವಾದ. ಅಂತಹ ಆಘಾತದಲ್ಲಿ ಕಂಗೆಟ್ಟವನಿಂದ ಒಂದೂ ಬಿಡದ ವಿವರಣೆಯನ್ನು ಬಯಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಆ ಲೋಪವನ್ನು ದೋಷವೆಂದೆಣಿಸಲಿಲ್ಲ. ಆದರೆ ಅಲ್ಲಿಗೇ ನಿಲ್ಲದೆ, ಕೆಲವರು ನಿರಾಕರಿಸಿ ಕೆಲವರು ಒಳಪಟ್ಟ ಗುರುತುಪತ್ತೆಯ ಪೆರೇಡು, ಡಿಎನ್‌ಎ ಪರೀಕ್ಷೆ, ವೈದ್ಯರ ಸಾಕ್ಷ್ಯ, ಮೃತಳ ಹೇಳಿಕೆಗಳು ಇವೆಲ್ಲವುಗಳೊಡನೆ ಅವನ ನುಡಿಯನ್ನು ಒರೆಹಚ್ಚಿ ನೋಡಿತು. ಗಾಯಾಳುವಿಗೆ ಸಲ್ಲುವ ಗೌರವವೂ ಆರೋಪಿಗೆ ಸಲ್ಲುವ ನ್ಯಾಯವೂ ಈ ಕ್ರಮದಲ್ಲಿ ಒಂದನ್ನೊಂದು ನುಂಗಲಿಲ್ಲ.

ಶಿಕ್ಷೆಯ ವಿರುದ್ಧದ ಅಪೀಲಿಗಿಂತ ಖುಲಾಸೆಯ ವಿರುದ್ಧದ ಅಪೀಲಿನಲ್ಲಿ ಈ ತೂಗುವಿಕೆಯು ಕಠಿನತರ. ನಮ್ಮ ರಾಜ್ಯದಿಂದ ಹೋದ ಚಂದ್ರಪ್ಪ ಪ್ರಕರಣದಲ್ಲಿ, 2007ರಲ್ಲಿ, ಸಾಕ್ಷ್ಯವನ್ನು ಪುನಃ ಪರಿಶೀಲಿಸಲು ಅಪೀಲು ನ್ಯಾಯಾಲಯಕ್ಕೆ ಪೂರ್ಣಾಧಿಕಾರವಿದೆಯೆಂದೂ, ಆದರೆ ಖುಲಾಸೆಯಿಂದ ನಿರ್ದೋಷಿತ್ವದ ಭಾವನೆಯು ಇಮ್ಮಡಿಸುವುದರಿಂದ, ಎರಡು ಅಭಿಪ್ರಾಯಗಳು ಸಾಧ್ಯವಾದಲ್ಲಿ ಅದನ್ನು ಕದಲಿಸಬಾರದೆಂದೂ ನಿರ್ಣಯವಾಯಿತು. ಗಾಯಾಳುವಿನ ತಡವರಿಕೆಯನ್ನೂ ಕಣ್ಣೀರನ್ನೂ ಕಂಡವನು ಸೆಷನ್ಸ್ ನ್ಯಾಯಾಧೀಶನು. ಮೇಲಿನವರಿಗೆ ದೊರೆಯುವುದು ಪಾಟೀಸವಾಲಿನ ಕಾಗದ. ಸಾಕ್ಷಿಯ ನಡವಳಿಕೆಯನ್ನು ಕುರಿತು ಟಿಪ್ಪಣಿ ಬರೆಯಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೆಯ ಕಲಮು ವಿಧಿಸಿದ್ದು ಇದಕ್ಕಾಗಿಯೇ. ಆ ವಿಧಿ ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೆ. ಆ ನಾಲ್ಕು ಸಾಲುಗಳನ್ನು ಕೆಳಗಿನ ನ್ಯಾಯಾಧೀಶನು ಬರೆಯದೆ ಬಿಟ್ಟಲ್ಲಿ, ಸಾಕ್ಷಿಯು ತಡವರಿಸಿದ್ದು ನೋವಿನಿಂದಲೋ ಸುಳ್ಳಿನಿಂದಲೋ ಎಂಬುದನ್ನು ಅಪೀಲಿನ ಪೀಠವು ಯಾವ ಕಾಗದದಿಂದಲೂ ತಿಳಿಯಲಾರದು.