ಆಮ್ಲ ತಗ್ಗಿಸುವ ಮಾತ್ರೆ ಮತ್ತು ಜಠರದ ಉರಿಯೂತ

ಎದೆಯುರಿ, ಹುಳಿತೇಗು ಎಂದರೆ ಬೆಳಗ್ಗೆ ಬರಿಹೊಟ್ಟೆಗೆ ಒಂದು ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ನುಂಗುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಜನ ಇದನ್ನು 'ಗ್ಯಾಸ್ ಮಾತ್ರೆ' ಎನ್ನುತ್ತಾರೆ. ನಿಜದಲ್ಲಿ ಇದು ತಗ್ಗಿಸುವುದು ಗ್ಯಾಸನ್ನಲ್ಲ, ಜಠರದ ಆಮ್ಲವನ್ನು. ವೈದ್ಯರು ಹೇಳಿದಷ್ಟು ವಾರ ಸೇವಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕು ಇದ್ದು, ಮಾತ್ರೆ ವರ್ಷಗಟ್ಟಲೆ ಮುಂದುವರಿದರೆ ಯೋಚಿಸಬೇಕಾಗುತ್ತದೆ.

ಈ ಬ್ಯಾಕ್ಟೀರಿಯಾವನ್ನು 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಪತ್ತೆ ಮಾಡಿದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಭಾರತದಲ್ಲಿ ಈ ಸೋಂಕು ಬಹಳ ಸಾಮಾನ್ಯ. ಹೆಚ್ಚಿನವರಿಗೆ ಬಾಲ್ಯದಲ್ಲೇ ತಗಲುತ್ತದೆ, ಬಹುಪಾಲು ಜನರಿಗೆ ಗೊತ್ತೇ ಆಗುವುದಿಲ್ಲ.

ಆಮ್ಲ ಚೆನ್ನಾಗಿ ಸ್ರವಿಸುತ್ತಿರುವಾಗ ಸೋಂಕಿನ ಉರಿಯೂತ ಹೆಚ್ಚಾಗಿ ಜಠರದ ಕೆಳತುದಿಯಲ್ಲಿರುತ್ತದೆ. ಮಾತ್ರೆಯಿಂದ ಆಮ್ಲ ತಗ್ಗಿದಾಗ ಅಲ್ಲಿ ಉರಿಯೂತ ಇಳಿದು, ಮೇಲಿನ ಮುಖ್ಯ ಭಾಗದಲ್ಲಿ ಹೆಚ್ಚುತ್ತದೆ. ಆಮ್ಲ ತಯಾರಿಸುವ ಗ್ರಂಥಿಗಳಿರುವುದು ಅಲ್ಲಿಯೇ. ವರ್ಷಗಳ ಉರಿಯೂತದಿಂದ ಅವು ಸವೆದುಹೋಗುವುದನ್ನು ಅಟ್ರೋಫಿಕ್ ಗ್ಯಾಸ್ಟ್ರೈಟಿಸ್ ಎನ್ನುತ್ತಾರೆ. ಜಠರದ ಕ್ಯಾನ್ಸರ್‌ನ ಹಾದಿಯಲ್ಲಿ ಅದೂ ಒಂದು ಹಂತ. ಎದೆಯುರಿ ಮಾತ್ರ ಶಮನವಾಗಿರುವುದರಿಂದ ರೋಗಿಗೆ ಸಂಶಯ ಬರುವುದಿಲ್ಲ.

1996ರಲ್ಲಿ ಪ್ರಕಟವಾದ ಕೈಪರ್ಸ್ ಮತ್ತು ಸಂಗಡಿಗರ ಅಧ್ಯಯನ ಈ ಚರ್ಚೆಗೆ ಬಿಸಿ ತಂದಿತು. ಸುಮಾರು 5 ವರ್ಷ ಒಮೆಪ್ರಜೋಲ್ ಸೇವಿಸಿದ 59 ಸೋಂಕಿತರಲ್ಲಿ 18 ಮಂದಿಗೆ ಹೊಸದಾಗಿ ಈ ಸವೆತ ಕಂಡಿತು. ಮಾತ್ರೆಯ ಬದಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 31 ಸೋಂಕಿತರಲ್ಲಿ ಒಬ್ಬರಿಗೂ ಕಾಣಲಿಲ್ಲ. ಆದರೆ ಮೊದಲ ಗುಂಪು ನೆದರ್ಲೆಂಡ್ಸ್‌ನದು, ಎರಡನೆಯದು ಸ್ವೀಡನ್ನಿನದು, ವಯಸ್ಸಿನಲ್ಲೂ ವ್ಯತ್ಯಾಸವಿತ್ತು. 1999ರಲ್ಲಿ ಬಂದ, ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿದ ಇನ್ನೊಂದು ಅಧ್ಯಯನದಲ್ಲಿ 3 ವರ್ಷದ ಬಳಿಕವೂ ಅಂಥ ಅಂತರ ಸಿಗಲಿಲ್ಲ. ಹಾಗಾಗಿ ಉರಿಯೂತ ಜಾಗ ಬದಲಿಸುವುದು ಒಪ್ಪಿತ ವಿಷಯ, ಸವೆತ ಎಷ್ಟು ವೇಗವಾಗುತ್ತದೆ ಎಂಬುದು ವಿವಾದ. ಹೆದರಿ ಮಾತ್ರೆ ಬಿಡುವುದಕ್ಕೆ ಇದು ಕಾರಣವಲ್ಲ.

ಸೋಂಕನ್ನು ನಿರ್ಮೂಲ ಮಾಡಿದರೆ, ಮಾತ್ರೆ ಮುಂದುವರಿದರೂ ಉರಿಯೂತ ಇಳಿಯುತ್ತದೆ. ಆದ್ದರಿಂದ ದೀರ್ಘಕಾಲ ಈ ಮಾತ್ರೆ ಬೇಕಾದವರು ಒಮ್ಮೆ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು. ಉಸಿರಿನ ಅಥವಾ ಮಲದ ಪರೀಕ್ಷೆಗೆ ಮುಂಚೆ ಸಾಮಾನ್ಯವಾಗಿ 2 ವಾರ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಸೋಂಕಿದ್ದರೂ ಇಲ್ಲವೆಂದು ಬರಬಹುದು. ಹುಣ್ಣಿನಿಂದ ರಕ್ತಸ್ರಾವ ಆದವರು, ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ತಾವಾಗಿಯೇ ನಿಲ್ಲಿಸಕೂಡದು.

ಚಿಕಿತ್ಸೆ ಸಾಮಾನ್ಯವಾಗಿ 14 ದಿನ, ಆಂಟಿಬಯಾಟಿಕ್‌ಗಳೊಂದಿಗೆ. ಒಮೆಪ್ರಜೋಲ್, ಅಮಾಕ್ಸಿಸಿಲಿನ್ ಹೆಚ್ಚಾಗಿ ಕ್ಯಾಪ್ಸೂಲ್ ರೂಪದಲ್ಲಿ ಬರುತ್ತವೆ. ಅದರ ಹೊದಿಕೆ ಪ್ರಾಣಿಜನ್ಯ ಜೆಲಾಟಿನ್ ಆಗಿರಬಹುದು. ಪ್ಯಾಂಟೊಪ್ರಜೋಲ್ ಮಾತ್ರೆಯ ರೂಪದಲ್ಲಿ ಸಿಗುತ್ತದೆ. ರಾತ್ರಿಭೋಜನ ತ್ಯಾಗ ಮಾಡಿದವರು ಸಂಜೆಯ ಡೋಸಿನ ಸಮಯವನ್ನು ಮೊದಲೇ ವೈದ್ಯರೊಂದಿಗೆ ಗೊತ್ತುಮಾಡಿಕೊಳ್ಳಲಿ. ನಡುವೆ ಡೋಸು ಬಿಟ್ಟರೆ ಬ್ಯಾಕ್ಟೀರಿಯಾ ಉಳಿದು, ಮುಂದಿನ ಸಲ ಅದೇ ಔಷಧಿಗೆ ಬಗ್ಗದೆ ಹೋಗಬಹುದು.