ನಿಂತ ಚಿತ್ರ, ಓಡುವ ಬಿಟ್‌ಗಳು: ತಾಳಮದ್ದಳೆ ಡಿವಿಡಿಯೊಂದರ ಗಾತ್ರಲೆಕ್ಕ

ಸ್ಥಿರಚಿತ್ರಗಳಿಗೆ ಧ್ವನಿ ಜೋಡಿಸಿ ಡಿವಿಡಿ ಮಾಡುವವರು ಗಾತ್ರ ಮೀರಿತೆಂದರೆ ಮೊದಲು ಫೋಟೊಗಳ ಮೇಲೆ ಕೈಹಾಕುತ್ತಾರೆ: ಕೆಲವನ್ನು ಕುಗ್ಗಿಸುತ್ತಾರೆ, ಕೆಲವನ್ನು ಕೈಬಿಡುತ್ತಾರೆ. ಇದರಿಂದ ಏನೂ ಉಳಿಯುವುದಿಲ್ಲ. 4000×3000 ಪಿಕ್ಸೆಲ್‌ಗಳ ಫೋಟೊ ಕೂಡ ಪಾಲ್ ಡಿವಿಡಿಗೆ ಇಳಿಯುವಾಗ 720×576 ಆಗಿಯೇ ಇಳಿಯುತ್ತದೆ. ಡಿವಿಡಿ ತುಂಬುವುದು ಚಿತ್ರಗಳ ಎಣಿಕೆಯಿಂದಲ್ಲ, ಕಾಲದಿಂದ. ಸೆಕೆಂಡಿಗೆ ಇಷ್ಟು ಬಿಟ್ ಎಂಬ ದರವನ್ನು ಎಷ್ಟು ಸೆಕೆಂಡುಗಳಿಂದ ಗುಣಿಸುತ್ತೇವೆ ಎಂಬುದರಿಂದ.

ನನ್ನ ಮುಂದಿದ್ದದ್ದು ಎರಡು ಸಿ-90 ಕ್ಯಾಸೆಟ್‌ಗಳಲ್ಲಿದ್ದ ಮೂರು ಗಂಟೆಯ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥ ಹೇಳುವ ಕಲೆ. ಅದಕ್ಕೆ ಸ್ಥಿರಚಿತ್ರ ಸಾಕು. ಮೂರು ಗಂಟೆಯೆಂದರೆ 10,800 ಸೆಕೆಂಡು. ಒಂದು ಪದರದ ಡಿಸ್ಕಿನ 4.7 ಜಿಬಿಯನ್ನು ಅಷ್ಟಕ್ಕೆ ಹಂಚಿದರೆ ಸೆಕೆಂಡಿಗೆ ದಕ್ಕುವುದು ಸುಮಾರು 3.48 ಮೆಗಾಬಿಟ್. ತಂತ್ರಾಂಶ ತಾನಾಗಿ ಆರಿಸಿಕೊಂಡಿದ್ದ 8 ಮೆಗಾಬಿಟ್‌ನ ಸ್ಥಿರ ದರದಲ್ಲಿ ವಿಡಿಯೊ ಒಂದೇ 10.8 ಜಿಬಿ!

ಆದರೆ ಮೊದಲು ವಿಚಾರಿಸಿಕೊಳ್ಳಬೇಕಾದದ್ದು ಧ್ವನಿಯನ್ನು. ಕುಗ್ಗಿಸದ ಎರಡು ಚಾನೆಲ್ ಪಿಸಿಎಂ ಧ್ವನಿಗೆ ಸೆಕೆಂಡಿಗೆ 1,536 ಕಿಲೋಬಿಟ್ ಬೇಕು. ಮೂರು ಗಂಟೆಗೆ 2.07 ಜಿಬಿ, ಅಂದರೆ ಡಿಸ್ಕಿನ ಅರ್ಧಕ್ಕೆ ತುಸು ಕಡಿಮೆ. ಒಂದೇ ಮೈಕು ಹಿಡಿದ ಕ್ಯಾಸೆಟ್ ಧ್ವನಿಗೆ ಇದು ದುಂದು. 192 ಕಿಲೋಬಿಟ್‌ನ ಎಸಿ-3ಯಲ್ಲಿ ಅದೇ ಧ್ವನಿ 260 ಎಂಬಿಯೊಳಗೆ ಕೂರುತ್ತದೆ. ಮೂಲ ವೇವ್ ಕಡತಗಳನ್ನು ಹೇಗೂ ಬೇರೆ ಕಾಪಿಡಬೇಕು. ಡಿವಿಡಿ ಕೇಳುವವರ ಪ್ರತಿ, ದಾಖಲೆಯ ಪ್ರತಿಯಲ್ಲ.

ಇನ್ನು ವಿಡಿಯೊ. ಹತ್ತು ಸೆಕೆಂಡು ನಿಂತ ಚಿತ್ರ ಎಂಪೆಗ್-2ರ ಕಣ್ಣಿಗೆ 250 ಫ್ರೇಮು. ಪಾಲ್ ನಿಯಮದಂತೆ 15 ಫ್ರೇಮಿಗೊಮ್ಮೆಯಾದರೂ ಇಡೀ ಚಿತ್ರವನ್ನು, ಅಂದರೆ ಐ-ಫ್ರೇಮನ್ನು, ಹೊಸದಾಗಿ ಬರೆಯಬೇಕು. ಮಿಕ್ಕವು ಹೇಳುವುದು ‘ಏನೂ ಬದಲಾಗಿಲ್ಲ’ ಎಂದಷ್ಟೇ, ಅದಕ್ಕೆ ತಗಲುವ ಬಿಟ್‌ಗಳು ಅತ್ಯಲ್ಪ. ಹಾಗೆಂದು ನಾನು ದರವನ್ನು ತೀರಾ ಇಳಿಸಿ ನೋಡಿದೆ: ಮದ್ದಳೆಯ ಬಿಗಿದ ಬಾರುಗಳ ಸಾಲು ಅರ್ಧ ಸೆಕೆಂಡಿಗೊಮ್ಮೆ ಉಸಿರಾಡಿದಂತೆ ಮಿಸುಕತೊಡಗಿತು. ಪ್ರತಿ ಐ-ಫ್ರೇಮೂ ಹಿಂದಿನದಕ್ಕಿಂತ ತುಸು ಬೇರೆಯಾಗಿ ಒರಟಾಗುತ್ತಿತ್ತು. ಚಿತ್ರವನ್ನು ಮೇಲೆ-ಕೆಳಗಿನ ದಿಕ್ಕಿನಲ್ಲಿ ಕೂದಲೆಳೆಯಷ್ಟು ಮಸುಕುಗೊಳಿಸಿ, ಎರಡು ಸುತ್ತಿನ ಬದಲಾಗುವ ದರದಲ್ಲಿ ಸರಾಸರಿ 3 ಮೆಗಾಬಿಟ್ ಕೊಟ್ಟಾಗ ಮಿಸುಕಾಟ ನಿಂತಿತು. ಗೆರೆ ಬಿಟ್ಟು ಗೆರೆ ಮೂಡುವ ಹಳೆಯ ಟೀವಿಗಳಲ್ಲಿನ ಅದುರುವಿಕೆಗೂ ಇದೇ ಮದ್ದು.

ಬಿಟ್‌ಗಳನ್ನು ನಿಜವಾಗಿ ನುಂಗುವುದು ಅಲಂಕಾರ. ಅಡ್ಡಕ್ಕೆ ಸರಿಯುವ ಚಿತ್ರವನ್ನು ಚಲನೆಯ ಲೆಕ್ಕದಿಂದ ಅಗ್ಗವಾಗಿ ಹೇಳಬಹುದು; ಒಂದು ಚಿತ್ರ ಇನ್ನೊಂದರೊಳಗೆ ಕರಗುವಾಗ ಪಿಕ್ಸೆಲ್‌ಗಳ ಹೊಳಪೇ ಬದಲಾಗುವುದರಿಂದ ಆ ಲೆಕ್ಕ ಕೆಡುತ್ತದೆ. ಅರ್ಥಧಾರಿ ವಾದಕ್ಕಿಳಿದಾಗ ಚಿತ್ರ ಕರಗುವುದು ಕಿರಿಕಿರಿಯೂ ಹೌದು. ನೇರ ಬದಲಾವಣೆಯನ್ನೇ ಇಟ್ಟುಕೊಂಡೆ.

ವಿಡಿಯೊ 4.05 ಜಿಬಿ, ಧ್ವನಿ 0.26, ಉಳಿದ ಜಾಗ ಮೆನುವಿಗೆ, 2,048 ಬೈಟ್‌ಗಳ ಪ್ರತಿ ಪ್ಯಾಕಿನ ತಲೆಬರಹಕ್ಕೆ. ಇಲ್ಲಿ ನಾನೊಮ್ಮೆ ಎಡವಿದ್ದೇನೆ: ಕಂಪ್ಯೂಟರ್ 4.5 ಜಿಬಿ ಎಂದು ತೋರಿಸಿದ ಕಡತಕೋಶ 4.7ರ ಡಿಸ್ಕಿಗೆ ಹಿಡಿಸಲಿಲ್ಲ. 1,024ರ ಲೆಕ್ಕದಲ್ಲಿ ಎಣಿಸುವ ಕಂಪ್ಯೂಟರಿಗೆ ಆ ಡಿಸ್ಕು ಬರೀ 4.38.