ದಾಂಡೇಲಿ–ಮುಂಡಗೋಡ ಪ್ರದೇಶದ ಭೂಕಂಪ ಅಪಾಯ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡಗಳನ್ನು ಬಹುಕಾಲ ಭೂಕಂಪದ ಭಯವಿಲ್ಲದ ಪ್ರದೇಶಗಳೆಂದು ಭಾವಿಸಲಾಗಿತ್ತು. ಇವು ನಿಂತಿರುವ ಧಾರವಾಡ ಶಿಲಾಸಮೂಹವು 250 ಕೋಟಿ ವರ್ಷಗಳಿಗೂ ಹಳೆಯದಾಗಿದ್ದು, ದಕ್ಷಿಣ ಪ್ರಸ್ಥಭೂಮಿಯೇ ಅಚಲವೆಂಬ ನಂಬಿಕೆ ಇದಕ್ಕೆ ಕಾರಣವಾಗಿತ್ತು.

ನಂಬಿಕೆ ಬದಲಾದ ಬಗೆ

1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ 6.3 ತೀವ್ರತೆಯ ಭೂಕಂಪ ಸಂಭವಿಸಿ ಸುಮಾರು 180 ಜನ ಮೃತಪಟ್ಟರು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಆಗ ಲಾತೂರು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಐಎಸ್ 1893 ಮಾನಕವು ಆ ವಲಯವನ್ನೇ ಕೈಬಿಟ್ಟಿತು. ಅದರ ನಕ್ಷೆಯಲ್ಲಿ ಕಾರವಾರ, ಧಾರವಾಡ ಮತ್ತು ಬೆಳಗಾವಿಗಳು ಮಧ್ಯಮ ಅಪಾಯದ ಮೂರನೆಯ ವಲಯದಲ್ಲಿವೆ; ಇವುಗಳ ನಡುವಿನ ಈ ಪ್ರದೇಶಕ್ಕೂ ಅದೇ ವಲಯ ಅನ್ವಯಿಸುತ್ತದೆ. ಈ ವಲಯದ ಗುಣಾಂಕ 0.16, ಬೆಂಗಳೂರು ಇರುವ ಎರಡನೆಯ ವಲಯದ್ದು 0.10.

ಭೂಫಲಕಗಳ ಅಂಚಿನಿಂದ ದೂರವಿರುವ ಇಂತಹ ಕಡೆ ಒತ್ತಡವು ಅತಿ ನಿಧಾನವಾಗಿ ಶೇಖರವಾಗುತ್ತದೆ. ಒಂದೇ ಸ್ತರಭಂಗದಲ್ಲಿ ಎರಡು ದೊಡ್ಡ ಕಂಪನಗಳ ನಡುವೆ ಸಾವಿರಾರು ವರ್ಷಗಳು ಕಳೆಯಬಹುದು. ಆದ್ದರಿಂದ ‘ಅಜ್ಜನ ಕಾಲದಿಂದಲೂ ನೆಲ ನಡುಗಿಲ್ಲ’ ಎಂಬುದು ಸುರಕ್ಷತೆಯ ಪುರಾವೆಯಾಗದು. ನೂರಿನ್ನೂರು ವರ್ಷಗಳ ದಾಖಲೆ ಇದಕ್ಕೆ ತೀರ ಚಿಕ್ಕದು.

ಸೂಪಾ ಮತ್ತು ಕೊಯ್ನಾ

ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಕಾಳಿ ನದಿಗೆ ಕಟ್ಟಿರುವ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್, ಸಂಗ್ರಹ ಸಾಮರ್ಥ್ಯ ಸುಮಾರು 145 ಟಿಎಂಸಿ. ಕೊಯ್ನಾ ಅಣೆಕಟ್ಟು 103 ಮೀಟರ್ ಎತ್ತರವಿದ್ದು, ಅದರ ಸಾಮರ್ಥ್ಯ ಸೂಪಾಕ್ಕಿಂತ ಕಡಿಮೆ. ಜಲಾಶಯದ ನೀರು ಬಿರುಕುಗಳಲ್ಲಿ ಇಳಿದು ಒಳಗಿನ ಒತ್ತಡ ಹೆಚ್ಚಿದಾಗ, ಜಾರುವ ಹಂತದಲ್ಲಿರುವ ಸ್ತರಭಂಗದ ಘರ್ಷಣೆ ತಗ್ಗಿ ಕಂಪನ ಉಂಟಾಗಬಹುದು. ನೀರು ಕಂಪನವನ್ನು ಪ್ರಚೋದಿಸುತ್ತದೆಯೇ ಹೊರತು ಅದಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವುದಿಲ್ಲ. ಹೀಗಾಗಿ ಎತ್ತರದ ಸಾಮ್ಯವೊಂದರಿಂದಲೇ ಸೂಪಾ ‘ಮತ್ತೊಂದು ಕೊಯ್ನಾ’ ಆಗದು. ಕೊಯ್ನಾದ ಮೇಲ್ಪದರ ದಖನ್ನಿನ ಲಾವಾಶಿಲೆ, ಸೂಪಾದ್ದು ಪ್ರಾಚೀನ ಧಾರವಾಡ ಶಿಲೆ. ಜಲಾಶಯ ತುಂಬಿ ದಶಕಗಳಾದರೂ ಇಲ್ಲಿ ಅಂತಹ ವಿನಾಶಕಾರಿ ಕಂಪನವಾಗಿಲ್ಲ.

ಅಪಾಯದ ಅಂದಾಜು

ನೆಲ ಎಷ್ಟು ಅಲುಗಬಹುದು ಎಂಬುದು ಲೆಕ್ಕದ ಅರ್ಧಭಾಗ ಮಾತ್ರ. 50 ವರ್ಷಗಳಲ್ಲಿ ಮೀರುವ ಸಾಧ್ಯತೆ ಶೇಕಡ 10ರಷ್ಟಿರುವ ಕಂಪನ, ಅಂದರೆ ಸರಾಸರಿ 475 ವರ್ಷಗಳಿಗೊಮ್ಮೆ ನಿರೀಕ್ಷಿಸಬಹುದಾದದ್ದನ್ನು, ಸಾಮಾನ್ಯ ಕಟ್ಟಡಗಳಿಗೆ ಮಾನದಂಡವಾಗಿ ಬಳಸುವುದು ರೂಢಿ. ದೊಡ್ಡ ಅಣೆಕಟ್ಟುಗಳಿಗೆ ಇನ್ನೂ ಅಪರೂಪದ ಕಂಪನವನ್ನು ಪರಿಗಣಿಸಬೇಕು.

ಉಳಿದರ್ಧ ಜನವಸತಿಗೆ ಸಂಬಂಧಿಸಿದ್ದು. ಕಾಗದ ಕಾರ್ಖಾನೆಯ ಪಟ್ಟಣವಾದ ದಾಂಡೇಲಿ ಸೂಪಾದ ಕೆಳಹರಿವಿನ ದಂಡೆಯಲ್ಲಿದೆ; ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರವೂ ಅದೇ ನದಿಯ ಬದಿಯಲ್ಲಿದೆ. ಮುಂಡಗೋಡದ ಟಿಬೆಟನ್ ವಸತಿಯಲ್ಲಿ ಸಾವಿರಾರು ಭಿಕ್ಷುಗಳಿರುವ ಗಾಂದೆನ್ ಮತ್ತು ಡ್ರೆಪುಂಗ್ ವಿಹಾರಗಳಿವೆ. ಹಳ್ಳಿಗಳಲ್ಲಿ ಮಣ್ಣು ಮತ್ತು ಚಿರೆಕಲ್ಲಿನ ಗೋಡೆಗಳ ಮೇಲೆ ಭಾರದ ಹೆಂಚಿನ ಮಾಡು ಸಾಮಾನ್ಯ. ಗೋಡೆಗಳನ್ನು ಒಂದಾಗಿ ಬಿಗಿಯುವ ಕಾಂಕ್ರೀಟ್ ಪಟ್ಟಿಯಿಲ್ಲದ ಇಂತಹ ಮನೆಗಳು ಮಧ್ಯಮ ಕಂಪನಕ್ಕೂ ಕುಸಿಯಬಲ್ಲವು. ಕಿಲ್ಲಾರಿಯಲ್ಲಿ ಹೆಚ್ಚಿನ ಸಾವು ಸಂಭವಿಸಿದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಭಾರದ ಮಾಳಿಗೆಗಳ ಅಡಿಯಲ್ಲಿ.